ಅಂಗಳದ ಎರಡಂಗುಲ ಮಣ್ಣು



ಅಂಬೆಗಾಲಿಡುವ ಮಗುವಿರುವ ಮನೆಗಳಲ್ಲಿ ಇದು ದಿನನಿತ್ಯದ ದೃಶ್ಯ. ನೀವು ಬಟ್ಟೆ ಒಣಹಾಕಿ ತಿರುಗಿ ನೋಡುವಷ್ಟರಲ್ಲಿ ಮಗು ಅಂಗಳದ ಮೂಲೆ ಸೇರಿರುತ್ತದೆ. ಬಾಯಿ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ತುಟಿಯ ಅಂಚಿನಲ್ಲಿ ಕೆಂಪು ಮಣ್ಣು. ಓಡಿಹೋಗಿ ಬೆರಳು ಹಾಕಿ ತೆಗೆಯುತ್ತೀರಿ, ಗದರಿಸುತ್ತೀರಿ, ಬಾಯಿ ತೊಳೆಸುತ್ತೀರಿ. ಒಳಗಿನಿಂದ ಅಜ್ಜಿಯ ಸ್ವರ ಕೇಳುತ್ತದೆ: "ಮಣ್ಣು ತಿನ್ನದ ಮಗು ಯಾವುದಿದೆ? ಹುಳದ ಮದ್ದು ಕೊಡು, ಸರಿಹೋಗುತ್ತದೆ."

ಅಜ್ಜಿಯ ಮಾತು ಬಹಳ ಮಟ್ಟಿಗೆ ನಿಜವೇ. ಆದರೆ ಹುಳದ ಮದ್ದಿಗೆ ಬಗ್ಗದ ಕೆಲವು ವಸ್ತುಗಳೂ ಮಣ್ಣಿನಲ್ಲಿ ಇರಬಹುದು. ಅದು ನನಗೆ ಮನದಟ್ಟಾದದ್ದು ಅಕ್ಕನ ಮನೆಯಲ್ಲಿ.

ಅಕ್ಕನ ಮಗಳು ಪಟ್ಟಣದ ಅಂಚಿನಲ್ಲಿ ಹೊಸ ಬಾಡಿಗೆ ಮನೆಗೆ ಬಂದಿದ್ದಳು. ಹಿತ್ತಿಲು ದೊಡ್ಡದು. ಹರಿವೆ, ಬಸಳೆ ಹಾಕುವ ಉತ್ಸಾಹ ಅವಳದು. ಹಿತ್ತಿಲಿನ ಒಂದು ಮೂಲೆಯಲ್ಲಿ ಮಾತ್ರ ಹುಲ್ಲೂ ಸರಿಯಾಗಿ ಬೆಳೆದಿರಲಿಲ್ಲ. ಮಣ್ಣು ಬೂದು ಬಣ್ಣಕ್ಕೆ ತಿರುಗಿತ್ತು. ಒಂದೂವರೆ ವರ್ಷದ ಅವಳ ಮಗನಿಗೆ ಆಟಕ್ಕೆ ಆ ಮೂಲೆಯೇ ಬೇಕು. ಪಕ್ಕದ ಮನೆಯಾಕೆ ಮಾತಿನ ನಡುವೆ ಒಂದು ವಿಷಯ ಹೇಳಿದರು. ಹಿಂದೆ ಆ ಮನೆಯಲ್ಲಿದ್ದವರು ಹಳೆಯ ವಾಹನಗಳ ಬ್ಯಾಟರಿ ತಂದು ಅಲ್ಲಿಯೇ ಒಡೆದು, ಒಳಗಿನ ಸೀಸವನ್ನು ಕರಗಿಸಿ ಮಾರುತ್ತಿದ್ದರಂತೆ. "ಅದೆಲ್ಲ ಹಳೆಯ ಕಥೆ, ಐದಾರು ಮಳೆಗಾಲ ಕಳೆದಿದೆ" ಎಂದರು. ಐದಾರು ಮಳೆಗಾಲ ಕಳೆದರೆ ಎಲ್ಲವೂ ತೊಳೆದುಹೋಗುತ್ತದೆ ಎಂದು ನಾವೆಲ್ಲ ನಂಬುತ್ತೇವೆ. ಆದರೆ ಸೀಸದ ವಿಷಯದಲ್ಲಿ ಈ ನಂಬಿಕೆ ಎಷ್ಟು ಅಪಾಯಕಾರಿ ಎಂಬುದನ್ನು ಆಫ್ರಿಕಾದ ಕೆಲವು ಹಳ್ಳಿಗಳ ತಾಯಂದಿರು ಬಲು ದೊಡ್ಡ ಬೆಲೆ ತೆತ್ತು ಕಲಿತಿದ್ದಾರೆ. ಮೊದಲು ಅವರ ಕಥೆ ಕೇಳಿ.

ಝಂಫಾರಾದ ತಾಯಂದಿರು

ನೈಜೀರಿಯಾ ದೇಶದ ವಾಯುವ್ಯ ಭಾಗದಲ್ಲಿ ಝಂಫಾರಾ ಎಂಬ ರಾಜ್ಯವಿದೆ. ಅಲ್ಲಿನ ಜನರಲ್ಲಿ ಹೆಚ್ಚಿನವರು ಹೌಸಾ ಭಾಷೆಯಾಡುವ ಮುಸ್ಲಿಮರು, ರೈತರು. ಸಜ್ಜೆ, ಜೋಳ ಬೆಳೆದು ಬದುಕುವವರು. ಅಲ್ಲಿ ನೆಲದಡಿಯ ಕಲ್ಲಿನಲ್ಲಿ ಚಿನ್ನವಿದೆ. 2009ರ ಹೊತ್ತಿಗೆ ಜಗತ್ತಿನಲ್ಲಿ ಚಿನ್ನದ ಬೆಲೆ ಏರತೊಡಗಿದಾಗ ಬಡ ರೈತರಿಗೆ ಅದೊಂದು ದಾರಿಯಾಗಿ ಕಂಡಿತು. ಗಂಡಸರು ಗುಂಡಿ ತೋಡಿ ಕಲ್ಲು ತಂದರು. ಹೆಂಗಸರು ಹೆಚ್ಚಾಗಿ ಮನೆಯ ಆವರಣದೊಳಗೇ ಇರುವವರಾದ್ದರಿಂದ ಕೆಲಸ ಮನೆಗೇ ಬಂತು. ಅವರು ಕಲ್ಲನ್ನು ಸುತ್ತಿಗೆಯಿಂದ ಒಡೆದರು, ಕುಟ್ಟಿದರು, ಹಿಟ್ಟಿನ ಗಿರಣಿಯಂಥ ಯಂತ್ರಗಳಲ್ಲಿ ನುಣ್ಣಗೆ ಪುಡಿ ಮಾಡಿದರು, ನೀರಿನಲ್ಲಿ ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸಿದರು. ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡೋ ಬೆನ್ನಿಗೆ ಕಟ್ಟಿಕೊಂಡೋ ಮಾಡಿದ ಕೆಲಸವದು. ನಾಲ್ಕು ಕಾಸು ಸಂಪಾದಿಸಿ ಮಕ್ಕಳಿಗೆ ಒಳ್ಳೆಯ ಊಟ, ಬಟ್ಟೆ ಕೊಡುವ ಆಸೆ ಯಾವ ತಾಯಿಗೆ ಇರುವುದಿಲ್ಲ?

ಆದರೆ ಆ ಕಲ್ಲಿನಲ್ಲಿ ಚಿನ್ನದ ಜೊತೆ ಸೀಸವೂ ಇತ್ತು. ಅದು ಚಿನ್ನಕ್ಕಿಂತ ಎಷ್ಟೋ ಪಾಲು ಹೆಚ್ಚಿತ್ತು. ಅದರಲ್ಲಿ ದೊಡ್ಡ ಪಾಲು ಹೊಟ್ಟೆಯ ಆಮ್ಲದಲ್ಲಿ ಸುಲಭವಾಗಿ ಕರಗುವ ರೂಪದಲ್ಲಿತ್ತು. ಪುಡಿ ಮಾಡಿದಾಗ ಎದ್ದ ಧೂಳು ಅಂಗಳದ ಮೇಲೆ, ಪಾತ್ರೆಯ ಮೇಲೆ, ಹಾಸಿಗೆಯ ಮೇಲೆ, ಬಾವಿಯ ಕಟ್ಟೆಯ ಮೇಲೆ ಕುಳಿತಿತು.

2010ರ ಆರಂಭದಲ್ಲಿ ಮಕ್ಕಳು ಸಾಯತೊಡಗಿದರು. ಜ್ವರ, ವಾಂತಿ, ಹೊಟ್ಟೆನೋವು, ಆಮೇಲೆ ಸೆಳೆತ. ಮಲೇರಿಯಾ ಇರಬೇಕು, ಮೆದುಳು ಜ್ವರವಿರಬೇಕು ಎಂದುಕೊಂಡರು. ಮದ್ದು ನಾಟಲಿಲ್ಲ. ಆ ಪ್ರದೇಶದಲ್ಲಿ ಕೆಲಸ ಮಾಡುತ್ತಿದ್ದ 'ಗಡಿರಹಿತ ವೈದ್ಯರು' ಸಂಸ್ಥೆಯವರಿಗೆ ಮಾರ್ಚ್ ತಿಂಗಳಲ್ಲಿ ಇದರ ಸುದ್ದಿ ತಲುಪಿತು. ಮಕ್ಕಳ ರಕ್ತದ ಮಾದರಿಯನ್ನು ಜರ್ಮನಿಗೆ ಕಳುಹಿಸಿ ಪರೀಕ್ಷಿಸಿದಾಗ ಸೀಸ ಪತ್ತೆಯಾಯಿತು.

ಆಮೇಲೆ ದರೇತಾ ಮತ್ತು ಯಾರ್‌ಗಲ್ಮಾ ಎಂಬ ಎರಡು ಹಳ್ಳಿಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ತಜ್ಞರೂ ಸೇರಿ ಮನೆಮನೆ ಸಮೀಕ್ಷೆ ನಡೆಸಿದರು. ಹಿಂದಿನ 12 ತಿಂಗಳಲ್ಲಿ ಆ ಎರಡೇ ಹಳ್ಳಿಗಳಲ್ಲಿ ಐದು ವರ್ಷದೊಳಗಿನ 118 ಮಕ್ಕಳು ಸತ್ತಿದ್ದರು. ಅಂದರೆ ಆ ವಯಸ್ಸಿನ ನಾಲ್ಕು ಮಕ್ಕಳಲ್ಲಿ ಒಂದು ಮಗು. ಬದುಕಿದ್ದ ಮಕ್ಕಳಲ್ಲಿ ಪರೀಕ್ಷೆಗೆ ಒಳಗಾದ 100ರಲ್ಲಿ 97 ಮಕ್ಕಳ ರಕ್ತದಲ್ಲಿ, ಮದ್ದು ಕೊಟ್ಟು ಸೀಸವನ್ನು ಹೊರತೆಗೆಯಲೇಬೇಕಾದಷ್ಟು ವಿಷವಿತ್ತು. ಒಟ್ಟು ಎಂಟು ಹಳ್ಳಿಗಳು ಹೀಗೆ ವಿಷಮಯವಾಗಿದ್ದವು. ಸತ್ತ ಮಕ್ಕಳ ಸಂಖ್ಯೆ 400ಕ್ಕೂ ಹೆಚ್ಚು.

ಅಂಗಳದ ಮಣ್ಣನ್ನೂ ಪರೀಕ್ಷಿಸಿದರು. ಮಕ್ಕಳು ಆಡುವ ಜಾಗದ ಒಂದು ಕಿಲೋ ಮಣ್ಣಿನಲ್ಲಿ 400 ಮಿಲಿಗ್ರಾಂಗಿಂತ ಹೆಚ್ಚು ಸೀಸ ಇರಬಾರದು ಎಂಬ ಮಟ್ಟ ಆಗ ಅಮೆರಿಕದಲ್ಲಿತ್ತು. 2024ರಲ್ಲಿ ಅಲ್ಲಿ ಎಚ್ಚರಿಕೆಯ ಮಟ್ಟವನ್ನು 200ಕ್ಕೆ ಇಳಿಸಿದರು. ಆ ಹಳ್ಳಿಗಳ 100 ಮನೆಗಳಲ್ಲಿ 85 ಮನೆಗಳ ಮಣ್ಣು 400ರ ಮಟ್ಟವನ್ನು ದಾಟಿತ್ತು. ಕೆಲವು ಕಡೆ ಒಂದು ಕಿಲೋ ಮಣ್ಣಿನಲ್ಲಿ 100 ಗ್ರಾಂನಷ್ಟು ಸೀಸವಿತ್ತು. ಮಗು ಅಂಗಳದಲ್ಲಿ ಕುಳಿತು ಬೆರಳು ಚೀಪಿದರೆ ಸಾಕಿತ್ತು.

ಒಂದು ಬಾಟಲಿಯಲ್ಲಿ ಮಣ್ಣಿನ ಪಾಠ

ಸೀಸ ಮಣ್ಣಿನಲ್ಲೇ ಏಕೆ ಉಳಿಯುತ್ತದೆ? ಮಳೆ ಅದನ್ನು ಏಕೆ ಕರಗಿಸಿ ಭೂಮಿಯಾಳಕ್ಕೆ ಇಳಿಸುವುದಿಲ್ಲ? ಇದನ್ನು ತಿಳಿಯಲು ನಿಮ್ಮ ಅಡುಗೆಮನೆಯಲ್ಲೇ ಒಂದು ಸಣ್ಣ ಪ್ರಯೋಗ ಮಾಡಬಹುದು. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ.

ಉಪ್ಪಿನಕಾಯಿ ಖಾಲಿಯಾದ ಗಾಜಿನ ಬಾಟಲಿಯನ್ನು ತೊಳೆದು, ಮೂರರಲ್ಲಿ ಒಂದು ಭಾಗ ತೋಟದ ಮಣ್ಣು ಹಾಕಿ. ಉಳಿದ ಭಾಗಕ್ಕೆ ನೀರು ತುಂಬಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ ಇಡಿ. ಒಂದೆರಡು ನಿಮಿಷದಲ್ಲಿ ತಳದಲ್ಲಿ ಒಂದು ಪದರ ಕೂರುತ್ತದೆ. ಅದು ಮರಳು. ಕೆಲವು ಗಂಟೆಗಳಲ್ಲಿ ಅದರ ಮೇಲೆ ಇನ್ನೊಂದು ನುಣ್ಣನೆಯ ಪದರ ಕೂರುತ್ತದೆ. ಅದು ಗೋಡು ಮಣ್ಣು, ಹೊಳೆಯ ನೆರೆ ಇಳಿದ ಮೇಲೆ ಗದ್ದೆಯಲ್ಲಿ ಉಳಿಯುವಂಥದ್ದು. ಮಾರನೆಯ ದಿನ ನೋಡಿದರೂ ಮೇಲಿನ ನೀರು ಕದಡಿದಂತೆಯೇ ಇರುತ್ತದೆ. ಆ ನೀರಿನಲ್ಲಿ ತೇಲುತ್ತಿರುವುದೇ ಜೇಡಿ. ಅದರ ಒಂದು ಕಣ ಒಂದು ಮಿಲಿಮೀಟರಿನ 500ನೇ ಒಂದು ಭಾಗಕ್ಕಿಂತಲೂ ಚಿಕ್ಕದು. ಎಲೆ, ಬೇರು, ಸಗಣಿ ಕೊಳೆತು ಆದ ಕಪ್ಪು ಅಂಶವೂ ಮಣ್ಣಿನಲ್ಲಿರುತ್ತದೆ. ಅದನ್ನು ಹ್ಯೂಮಸ್ ಎನ್ನುತ್ತಾರೆ.

ಮಣ್ಣಿನ ಸಂಪತ್ತೆಲ್ಲ ಇರುವುದು ಈ ಜೇಡಿ ಮತ್ತು ಹ್ಯೂಮಸ್‌ಗಳಲ್ಲಿ. ಅಯಸ್ಕಾಂತವು ಕಬ್ಬಿಣದ ಚೂರುಗಳನ್ನು ಸೆಳೆದುಕೊಳ್ಳುವ ಹಾಗೆ ಇವು ಗಿಡಕ್ಕೆ ಬೇಕಾದ ಪೋಷಕಾಂಶಗಳನ್ನು ಹಿಡಿದಿಟ್ಟುಕೊಳ್ಳುತ್ತವೆ, ಬೇರಿಗೆ ಬೇಕಾದಾಗ ಬಿಟ್ಟುಕೊಡುತ್ತವೆ. ಇದು ಸೃಷ್ಟಿಕರ್ತನು ಮಣ್ಣಿಗೆ ಕೊಟ್ಟ ಗುಣ. ಆದರೆ ಸೀಸ ಬಂದರೂ ಇವು ಅದೇ ರೀತಿ, ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಆದ್ದರಿಂದ ಸೀಸ ಆಳಕ್ಕೆ ಇಳಿಯುವುದು ಬಹಳ ನಿಧಾನ. ಬಿದ್ದ ಜಾಗದಲ್ಲಿ, ಮೇಲಿನ ಎರಡು ಮೂರು ಅಂಗುಲದಲ್ಲೇ ಅದು ಉಳಿದುಬಿಡುತ್ತದೆ.

ಇನ್ನೊಂದು ವಿಷಯವನ್ನೂ ನೆನಪಿಡಿ. ಸಗಣಿ ಕೊಳೆಯುತ್ತದೆ, ಕಾಗದ ಮಣ್ಣಾಗುತ್ತದೆ, ಹಲವು ಕೀಟನಾಶಕಗಳೂ ಕಾಲಕ್ರಮದಲ್ಲಿ ಒಡೆದುಹೋಗುತ್ತವೆ. ಸೀಸ, ಕ್ಯಾಡ್ಮಿಯಂ, ಪಾದರಸ, ಆರ್ಸೆನಿಕ್‌ಗಳು ಒಡೆದು ಬೇರೇನೋ ಆಗುವುದಿಲ್ಲ. ಇಂದು ಬಿದ್ದ ಸೀಸ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಸೀಸವೇ. ಐದಾರು ಮಳೆಗಾಲ ಅದಕ್ಕೊಂದು ಲೆಕ್ಕವಲ್ಲ.

ಮಣ್ಣು ಹೋದಲ್ಲಿಗೆ ವಿಷವೂ ಹೋಗುತ್ತದೆ

ಹಾಗಾದರೆ ಮಳೆ ಏನೂ ಮಾಡುವುದಿಲ್ಲವೇ? ಮಾಡುತ್ತದೆ. ಸೀಸವನ್ನು ಮಣ್ಣಿನಿಂದ ಬಿಡಿಸುವುದಿಲ್ಲ, ಸೀಸ ಹಿಡಿದ ಮಣ್ಣನ್ನೇ ಹೊತ್ತುಕೊಂಡು ಹೋಗುತ್ತದೆ.

ಬಾಟಲಿಯ ಪ್ರಯೋಗವನ್ನು ಮತ್ತೆ ನೆನಪಿಸಿಕೊಳ್ಳಿ. ಕೊನೆಗೆ ತಳಕ್ಕಿಳಿದದ್ದು ಯಾವುದು? ಜೇಡಿ. ಅಂಗಳದಲ್ಲಿ ಹರಿಯುವ ಮಳೆ ನೀರಿನಲ್ಲಿಯೂ ಮರಳು ಸ್ವಲ್ಪ ದೂರ ಹೋಗಿ ನಿಂತುಬಿಡುತ್ತದೆ. ಜೇಡಿ ಮತ್ತು ಹ್ಯೂಮಸ್ ತೋಡು ಸೇರಿ, ಕೆರೆ ಸೇರಿ, ಹೊಳೆ ಸೇರಿ ಬಹುದೂರ ಸಾಗುತ್ತವೆ. ಸೀಸವನ್ನು ಬಿಗಿಯಾಗಿ ಹಿಡಿದಿರುವುದೂ ಇವೇ. ಹೀಗಾಗಿ ಕೊಚ್ಚಿಹೋದ ಮಣ್ಣಿನಲ್ಲಿ ಲೋಹದ ಪ್ರಮಾಣ ಮೂಲ ಮಣ್ಣಿಗಿಂತ ಹೆಚ್ಚಿರುತ್ತದೆ. ಬೇಸಗೆಯಲ್ಲಿ ಇದೇ ಕೆಲಸವನ್ನು ಗಾಳಿ ಮಾಡುತ್ತದೆ. ಎದ್ದ ಧೂಳಿನಲ್ಲಿ ಇರುವುದು ಇದೇ ನುಣ್ಣನೆಯ ಭಾಗ.

ಇಳಿಜಾರು ಹೆಚ್ಚಿದ್ದಷ್ಟೂ, ಮಳೆ ರಭಸವಾಗಿದ್ದಷ್ಟೂ, ನೆಲ ಬೋಳಾಗಿದ್ದಷ್ಟೂ ಸವೆತ ಹೆಚ್ಚು. ನಮ್ಮ ಕರಾವಳಿಯಲ್ಲಿ ಮಳೆಯೂ ಹೆಚ್ಚು, ಗುಡ್ಡವೂ ಹೆಚ್ಚು. ಗುಡ್ಡ ಕಡಿದು ಮನೆಗೆ ಜಾಗ ಮಾಡಿದ ಮೇಲೆ ಜೂನ್ ತಿಂಗಳ ಮೊದಲ ಮಳೆಗೆ ತೋಡಿನ ನೀರು ಚಹಾದ ಬಣ್ಣಕ್ಕೆ ತಿರುಗುವುದನ್ನು ನೀವೂ ನೋಡಿರುತ್ತೀರಿ. ಮೇಲ್ಮಣ್ಣು ಹೋದ ಮೇಲೆ ಉಳಿಯುವುದು ಮುರಕಲ್ಲು. ಅದು ಗಾಳಿ ಬಿಸಿಲಿಗೆ ಇನ್ನೂ ಗಟ್ಟಿಯಾಗುತ್ತದೆ. ಒಂದು ಅಂಗುಲ ಮೇಲ್ಮಣ್ಣು ಹುಟ್ಟಲು ನೂರಾರು ವರ್ಷ ಬೇಕು, ಹೋಗಲು ಒಂದು ಮಳೆಗಾಲ ಸಾಕು.

ಈ ಅಪಾಯವನ್ನು ಕಣ್ಣಾರೆ ನೋಡಬೇಕೆಂದಿದ್ದರೆ ನಮ್ಮದೇ ರಾಜ್ಯದ ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೆ ಹೋಗಬೇಕು. 1880ರ ದಶಕದಿಂದ 2001ರ ಫೆಬ್ರವರಿ 28ರಂದು ಮುಚ್ಚುವವರೆಗೆ ಅಲ್ಲಿ ಕಲ್ಲನ್ನು ಅಗೆದು, ಹಿಟ್ಟಿನಂತೆ ಪುಡಿಮಾಡಿ ಚಿನ್ನ ತೆಗೆದರು. ಚಿನ್ನ ಬಿಡಿಸಲು ಸೈನೈಡ್ ಬಳಸಿದರು. ಉಳಿದ ಪುಡಿಯನ್ನು ಊರ ಪಕ್ಕದಲ್ಲೇ ಸುರಿದರು. ಹೀಗೆ ಬೆಳೆದು ನಿಂತ ರಾಶಿ 3 ಕೋಟಿ ಟನ್‌ಗೂ ಹೆಚ್ಚು. ಜನ ಅವನ್ನು ಸೈನೈಡ್ ಗುಡ್ಡಗಳೆಂದೇ ಕರೆಯುತ್ತಾರೆ. ಸಿನಿಮಾಗಳಲ್ಲಿ ನೋಡಲು ಬಹಳ ಚೆಂದ. ಹತ್ತಿರ ಹೋದರೆ ಮೈತುಂಬ ಮಳೆ ಕೊರೆದ ಕೊರಕಲುಗಳು. ಆ ಪುಡಿಯಲ್ಲಿ ಹ್ಯೂಮಸ್ ಇಲ್ಲ, ಆದ್ದರಿಂದ ಹುಲ್ಲು ಬೇರೂರುವುದು ಕಷ್ಟ. ಬೇರಿಲ್ಲದ ಮೇಲೆ ಅದನ್ನು ಹಿಡಿದಿಡುವವರು ಯಾರು? ಮಳೆಗೆ ಅದು ತಗ್ಗಿನ ಕಡೆಗೆ ಹರಿಯುತ್ತದೆ, ಗಾಳಿಗೆ ಮನೆಗಳ ಮೇಲೆ ಹಾರುತ್ತದೆ. ಹೆಸರಿನಿಂದಾಗಿ ಎಲ್ಲರೂ ಸೈನೈಡಿಗೆ ಹೆದರುತ್ತಾರೆ. ಸೈನೈಡ್ ಬಿಸಿಲು ಗಾಳಿಗೆ ಕಾಲಕ್ರಮದಲ್ಲಿ ಬಹಳಷ್ಟು ಒಡೆದುಹೋಗುವ ವಸ್ತು. ಕಲ್ಲಿನೊಳಗೆ ಭದ್ರವಾಗಿದ್ದು ಈಗ ಪುಡಿಯಾಗಿ ಹೊರಬಿದ್ದ ಲೋಹಗಳಿಗೆ ಮಾತ್ರ ಆ ಗುಣವಿಲ್ಲ.

ಅಂಗಳಕ್ಕಾಗಿ ಕಾದ ಮದ್ದು

ಝಂಫಾರಾದ ಕಥೆ ಇನ್ನೂ ಮುಗಿದಿಲ್ಲ. ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಅದರ ಉತ್ತರಾರ್ಧ.

ರಕ್ತದಲ್ಲಿರುವ ಸೀಸವನ್ನು ಮೂತ್ರದ ಮೂಲಕ ಹೊರಹಾಕುವ ಗುಳಿಗೆಗಳಿವೆ. ವೈದ್ಯರು ಮದ್ದು ಕೊಡಲು ಸಿದ್ಧರಿದ್ದರು. ಆದರೆ ಮದ್ದು ಪಡೆದ ಮಗು ಮತ್ತೆ ಅದೇ ಅಂಗಳಕ್ಕೆ ಹೋಗಿ ಕುಳಿತರೆ? ಕೆಲವೇ ವಾರಗಳಲ್ಲಿ ಮತ್ತೆ ಅಷ್ಟೇ ವಿಷ. ಆದ್ದರಿಂದ ಮೊದಲು ಅಂಗಳ ಶುದ್ಧವಾಗಬೇಕು, ಆಮೇಲೆ ಮದ್ದು ಎಂಬ ಕ್ರಮ ಮಾಡಿಕೊಂಡರು.

ಅಂಗಳ ಶುದ್ಧಮಾಡುವುದೆಂದರೆ ಏನು? ದೊಡ್ಡ ಯಂತ್ರ, ಬೆಲೆಬಾಳುವ ರಾಸಾಯನಿಕ ಯಾವುದೂ ಅಲ್ಲ. ಅದೇ ಊರಿನ ಜನರೇ ಗುದ್ದಲಿ, ಹಾರೆ ಹಿಡಿದು ಪ್ರತಿ ಮನೆಯ ಅಂಗಳದ ಮೇಲಿನ ಸುಮಾರು ಎರಡಂಗುಲ ಮಣ್ಣನ್ನು ಕೆರೆದು ತೆಗೆದರು. ಚೀಲಗಳಲ್ಲಿ ತುಂಬಿ ಊರಾಚೆ ಆಳವಾದ ಹೊಂಡದಲ್ಲಿ ಹೂತರು. ಆ ಜಾಗಕ್ಕೆ ದೂರದಿಂದ ತಂದ ಶುದ್ಧ ಮಣ್ಣನ್ನು ಹರಡಿ ಗಟ್ಟಿ ಮಾಡಿದರು. ವಿಷವೆಲ್ಲ ಆ ಎರಡಂಗುಲದಲ್ಲೇ ಇದ್ದುದರಿಂದ ಇಷ್ಟು ಸರಳ ಕೆಲಸದಿಂದ ಮಕ್ಕಳ ಜೀವ ಉಳಿಯಿತು. ಸೀಸವನ್ನು ಬಿಗಿಯಾಗಿ ಹಿಡಿದುಕೊಂಡ ಮಣ್ಣಿನ ಗುಣವೇ ಇಲ್ಲಿ ಉಪಕಾರವೂ ಆಯಿತು.

ಏಳು ಹಳ್ಳಿಗಳ ಕೆಲಸ ಹಂತ ಹಂತವಾಗಿ ನಡೆಯಿತು. ಎಂಟನೆಯ ಹಳ್ಳಿ ಬಗೇಗಾ ದೊಡ್ಡದು. ಅಲ್ಲಿ ಕಲ್ಲು ಪುಡಿಮಾಡುವ, ತೊಳೆಯುವ ಜಾಗ ಊರಿನ ಕೆರೆಯ ಪಕ್ಕದಲ್ಲೇ ಇತ್ತು. ಮಳೆ ಬಂದಾಗಲೆಲ್ಲ ವಿಷದ ಮಣ್ಣು ಕೆರೆಗೆ ಇಳಿಯುತ್ತಿತ್ತು. ಅದನ್ನು ಶುದ್ಧಮಾಡುವ ಹಣ ಸರಕಾರದಿಂದ ಬಿಡುಗಡೆಯಾದದ್ದು 2013ರ ಆರಂಭದಲ್ಲಿ. ಅಷ್ಟರವರೆಗೆ, ಅಂದರೆ ಸುಮಾರು ಮೂರು ವರ್ಷ, ಬಗೇಗಾದ ಮಕ್ಕಳು ಕಾಯಬೇಕಾಯಿತು. ಮದ್ದು ಇತ್ತು, ವೈದ್ಯರಿದ್ದರು, ಅಂಗಳ ಮಾತ್ರ ಶುದ್ಧವಿರಲಿಲ್ಲ. ಆ ಮೂರು ವರ್ಷ ಪ್ರತಿ ಸಂಜೆ ಮಗುವಿನ ಕೈ ತೊಳೆಸುತ್ತ ಆ ತಾಯಂದಿರು ಏನು ಯೋಚಿಸಿರಬಹುದು? ಸ್ವಲ್ಪ ಊಹಿಸಿಕೊಳ್ಳಿ.

ಚಿನ್ನದ ಕೆಲಸ ಅಲ್ಲಿ ನಿಲ್ಲಲಿಲ್ಲ, ಬಡವರ ಹೊಟ್ಟೆಪಾಡು ಸುಲಭವಾಗಿ ನಿಲ್ಲುವಂಥದ್ದಲ್ಲ. ಆದರೆ ಕಲ್ಲು ಒಡೆಯುವ ಜಾಗವನ್ನು ಮನೆಗಳಿಂದ ದೂರ ಸರಿಸಿದರು. ಧೂಳೇಳದಂತೆ ಒದ್ದೆ ಮಾಡಿ ಪುಡಿಮಾಡುವುದು, ಕೆಲಸದ ಬಟ್ಟೆ ಬದಲಿಸಿ ಸ್ನಾನ ಮಾಡಿ ಮನೆಗೆ ಬರುವುದು, ಹೀಗೆ ಹೊಸ ಅಭ್ಯಾಸಗಳನ್ನು ಕಲಿಸಿದರು. ವೈದ್ಯರು ಅಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದರು.

ಮಗುವಿಗೇ ಏಕೆ?

ಒಂದೇ ಅಂಗಳದ ಧೂಳು ದೊಡ್ಡವರಿಗೂ ಮಕ್ಕಳಿಗೂ ತಾಗುತ್ತದೆ. ಆದರೆ ನುಂಗಿದ ಸೀಸದಲ್ಲಿ ದೊಡ್ಡವರ ದೇಹ ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಪುಟ್ಟ ಮಕ್ಕಳ ದೇಹ ಹೀರಿಕೊಳ್ಳುತ್ತದೆ. ಬೆಳೆಯುವ ದೇಹಕ್ಕೆ ಕ್ಯಾಲ್ಸಿಯಂ, ಕಬ್ಬಿಣ ಬೇಕು. ಅವು ಸಾಕಷ್ಟು ಸಿಗದಾಗ ಕರುಳು ಸೀಸವನ್ನು ಇನ್ನಷ್ಟು ಒಳಗೆ ಬಿಟ್ಟುಕೊಳ್ಳುತ್ತದೆ. ಅದು ಮೆದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ. ಹೆಚ್ಚಿನ ಮಕ್ಕಳಲ್ಲಿ ಸೆಳೆತ, ವಾಂತಿಯಂಥ ಲಕ್ಷಣ ಕಾಣುವುದೇ ಇಲ್ಲ. ಮಗು ಮಂಕಾಗುತ್ತದೆ, ಹಟ ಹೆಚ್ಚುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ. ನಾವು "ಇವನಿಗೆ ಓದಿನಲ್ಲಿ ಆಸಕ್ತಿಯಿಲ್ಲ" ಎಂದು ಬೈಯುತ್ತೇವೆ. ರಕ್ತದಲ್ಲಿ ಇಷ್ಟು ಸೀಸವಿದ್ದರೆ ತೊಂದರೆಯಿಲ್ಲ ಎನ್ನುವಂಥ ಸುರಕ್ಷಿತ ಮಟ್ಟ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಗರ್ಭಿಣಿಯರೂ ಎಚ್ಚರವಾಗಿರಬೇಕು. ತಾಯಿಯ ಮೂಳೆಯಲ್ಲಿ ಹತ್ತಾರು ವರ್ಷ ಅಡಗಿರುವ ಸೀಸ ಬಸುರಿನಲ್ಲಿ ರಕ್ತಕ್ಕೆ ಇಳಿದು ಮಗುವನ್ನು ಸೇರುತ್ತದೆ. ಬಯಕೆಯೆಂದು ಜೇಡಿ ಮಣ್ಣು, ಬಳಪ, ಬೂದಿ ತಿನ್ನುವ ಹೆಣ್ಣುಮಕ್ಕಳು ನಮ್ಮಲ್ಲಿ ಇಂದಿಗೂ ಇದ್ದಾರೆ. ನಾಚಿಕೊಂಡು ಯಾರಿಗೂ ಹೇಳುವುದಿಲ್ಲ. ಸಹೋದರಿ, ಇದು ನಾಚಿಕೆಯ ವಿಷಯವಲ್ಲ, ಹಲವು ಸಲ ರಕ್ತಹೀನತೆಯ ಲಕ್ಷಣ. ವೈದ್ಯರಿಗೆ ಹೇಳಿ, ಕಬ್ಬಿಣಾಂಶದ ಗುಳಿಗೆ ತೆಗೆದುಕೊಳ್ಳಿ.

ನಮ್ಮ ಮನೆಯಲ್ಲಿ ನಾವೇನು ಮಾಡಬಹುದು?

ಮೊದಲು, ನಿಮ್ಮ ಜಾಗದ ಹಿಂದಿನ ಕಥೆ ತಿಳಿದುಕೊಳ್ಳಿ. ಮನೆ ಕೊಳ್ಳುವಾಗ, ಬಾಡಿಗೆಗೆ ಹಿಡಿಯುವಾಗ ನೀರು, ಕರೆಂಟು ವಿಚಾರಿಸುತ್ತೇವೆ. ಇಲ್ಲಿ ಹಿಂದೆ ಗುಜರಿ ಅಂಗಡಿ, ಬ್ಯಾಟರಿ ಕೆಲಸ, ಗ್ಯಾರೇಜು, ಲೋಹ ಕರಗಿಸುವ ಕುಲುಮೆ ಇತ್ತೇ ಎಂದೂ ಕೇಳಿ. ನಮ್ಮ ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ 2000ನೇ ಇಸವಿಯಲ್ಲಿ ನಿಂತಿತು. ಅಷ್ಟರವರೆಗೆ ಹೊಗೆಯಲ್ಲಿ ಬಂದ ಸೀಸ ಹಳೆಯ ಹೆದ್ದಾರಿಗಳ ಪಕ್ಕದ ಮಣ್ಣಿನಲ್ಲಿ ಇನ್ನೂ ಇರಬಹುದು. ಮನೆ ಬಳಕೆಯ ಬಣ್ಣಗಳಲ್ಲಿ ಸೀಸಕ್ಕೆ ಕಡಿವಾಣ ಬಿದ್ದದ್ದು 2017ರ ನವೆಂಬರಿನಿಂದ. ಅದಕ್ಕಿಂತ ಹಳೆಯ ಬಣ್ಣದ ಸಿಪ್ಪೆ ಗೋಡೆಯ ಬುಡದಲ್ಲಿ, ಕಿಟಕಿಯ ಕೆಳಗೆ ಉದುರಿರುತ್ತದೆ. ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿಸಬೇಡಿ, ಒದ್ದೆ ಮಾಡಿಸಿ. ಆ ದಿನ ಮಕ್ಕಳನ್ನು, ಗರ್ಭಿಣಿಯರನ್ನು ಬೇರೆ ಮನೆಗೆ ಕಳುಹಿಸಿ.

ಎರಡನೆಯದು, ನೆಲವನ್ನು ಬೋಳಾಗಿ ಬಿಡಬೇಡಿ. ಹುಲ್ಲು, ತರಗೆಲೆ, ತೆಂಗಿನ ಸೋಗೆ ಏನಾದರೂ ಹೊದಿಸಿ. ಮಳೆಯ ಹನಿ ನೇರವಾಗಿ ಮಣ್ಣಿಗೆ ಬೀಳದಿದ್ದರೆ ಅರ್ಧ ಸವೆತ ನಿಂತಂತೆ. ಇಳಿಜಾರಿನಲ್ಲಿ ಅಡ್ಡಡ್ಡಲಾಗಿ ಲಾವಂಚದ ಸಾಲು ನೆಡಿ. ಗುಂಡ್ಲುಪೇಟೆ ಕಡೆಯ ರೈತರು ಹಿಂದಿನಿಂದಲೂ ಹೊಲದ ಅಂಚಿಗೆ ಲಾವಂಚ ನೆಡುತ್ತ ಬಂದಿದ್ದಾರೆ. ಅದರ ಬೇರು ನೆಟ್ಟಗೆ ಆಳಕ್ಕೆ ಇಳಿದು ಮಣ್ಣನ್ನು ಹೊಲಿದಂತೆ ಹಿಡಿಯುತ್ತದೆ. ಲೋಹ ಬೆರೆತ ಮಣ್ಣಿನಲ್ಲೂ ಬದುಕುತ್ತದೆ.

ಮೂರನೆಯದು, ಕೈತೋಟ. ಕರಾವಳಿ, ಮಲೆನಾಡಿನ ಕೆಂಪು ಮಣ್ಣಿನಲ್ಲಿ ಹುಳಿ ಹೆಚ್ಚು. ಹುಳಿ ಮಣ್ಣಿನಲ್ಲಿ ಲೋಹಗಳು, ಅದರಲ್ಲೂ ಕ್ಯಾಡ್ಮಿಯಂ, ಸುಲಭವಾಗಿ ಗಿಡಕ್ಕೆ ಏರುತ್ತವೆ. ಕೃಷಿ ಇಲಾಖೆಯವರ ಸಲಹೆಯಂತೆ ಕೃಷಿ ಸುಣ್ಣ, ಹೇರಳವಾಗಿ ಕಾಂಪೋಸ್ಟ್ ಹಾಕಿದರೆ ಲೋಹ ಮಣ್ಣಿನಲ್ಲೇ ಬಂಧಿಯಾಗುತ್ತದೆ. ಸೊಪ್ಪು ಮತ್ತು ಗೆಡ್ಡೆಗಳಿಗೆ ವಿಷ ಅಂಟುವುದು ಹೆಚ್ಚು. ಬೆಂಡೆ, ಬದನೆ, ಟೊಮೆಟೊಗಳಲ್ಲಿ ಕಡಿಮೆ. ಸಂಶಯದ ಜಾಗವಿದ್ದರೆ ಹರಿವೆ, ಮೂಲಂಗಿಯನ್ನು ಬೇರೆ ಮಣ್ಣು ತುಂಬಿದ ಕುಂಡ, ಚೀಲಗಳಲ್ಲಿ ಬೆಳೆಸಿ. ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯಿರಿ. ವಯರು, ಬಣ್ಣ ಹಚ್ಚಿದ ಮರ, ಪ್ಲಾಸ್ಟಿಕ್ ಸುಟ್ಟ ಬೂದಿಯನ್ನು ಗಿಡದ ಬುಡಕ್ಕೆ ಹಾಕಲೇಬೇಡಿ. ಇನ್ನೊಂದು ಮಾತು: ಸರಕಾರದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ವಿವರ ಇರುತ್ತದೆ, ಸೀಸ ಅದರಲ್ಲಿಲ್ಲ. ಅದಕ್ಕೆ ಪ್ರಯೋಗಾಲಯದಲ್ಲಿ ಪ್ರತ್ಯೇಕ ಪರೀಕ್ಷೆ ಮಾಡಿಸಬೇಕು.

ನಾಲ್ಕನೆಯದು, ಮನೆಯೊಳಗೆ ಬರುವ ಧೂಳು. ಗಂಡನೋ ಮಗನೋ ಬ್ಯಾಟರಿ, ಪೈಂಟಿಂಗ್, ಬೆಸುಗೆಯ ಕೆಲಸದಲ್ಲಿದ್ದರೆ ಬಂದ ಕೂಡಲೇ ಮಗುವನ್ನು ಎತ್ತಿಕೊಳ್ಳುವ ಮೊದಲು ಕೈಕಾಲು ತೊಳೆದು ಬಟ್ಟೆ ಬದಲಿಸಲಿ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಚಪ್ಪಲಿ ಹೊರಗಿರಲಿ. ನೆಲವನ್ನು ಒಣ ಪೊರಕೆಯಿಂದ ಗುಡಿಸಿ ಧೂಳೆಬ್ಬಿಸುವುದಕ್ಕಿಂತ ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು. ಉಣ್ಣುವ ಮುನ್ನ, ಮಲಗುವ ಮುನ್ನ ಮಗುವಿನ ಕೈಯನ್ನು ಸಾಬೂನು ಹಚ್ಚಿ ತೊಳೆಸಿ. ಮಗುವಿನ ಕಣ್ಣಿಗೆ ಹಚ್ಚುವ ಸುರ್ಮಾದ ಬಗ್ಗೆಯೂ ಎರಡು ಸಲ ಯೋಚಿಸಿ. ಕೆಲವು ಬಗೆಯ ಸುರ್ಮಾ ಸೀಸದ ಅದಿರನ್ನೇ ಅರೆದು ಮಾಡಿದ್ದು. ಮಗು ಕಣ್ಣುಜ್ಜಿ ಬೆರಳನ್ನು ಬಾಯಿಗೆ ಹಾಕುತ್ತದೆ.

ಐದನೆಯದು, ಊಟ. ಹೊಟ್ಟೆ ತುಂಬ ಉಂಡ ಮಗು ಖಾಲಿ ಹೊಟ್ಟೆಯ ಮಗುವಿಗಿಂತ ಕಡಿಮೆ ಸೀಸ ಹೀರಿಕೊಳ್ಳುತ್ತದೆ. ರಾಗಿ, ಹಾಲು, ಮೊಟ್ಟೆ, ಮೀನು, ಬೇಳೆ, ನೆಲ್ಲಿಕಾಯಿ, ಲಿಂಬೆ ಎಲ್ಲವೂ ಇಲ್ಲಿ ನಮ್ಮ ಸಹಾಯಕ್ಕೆ ಬರುತ್ತವೆ.

ಆ ಹಿತ್ತಿಲಿನ ಮೂಲೆ

ಅಕ್ಕನ ಮೊಮ್ಮಗನ ರಕ್ತ ಪರೀಕ್ಷೆ ಮಾಡಿಸೋಣ ಎಂದಾಗ ಮನೆಯಲ್ಲಿ ಎಲ್ಲರೂ ಒಪ್ಪಲಿಲ್ಲ. "ಆಡಿಕೊಂಡಿರುವ ಮಗುವಿಗೆ ಸುಮ್ಮನೆ ಸೂಜಿ ಏಕೆ?" ಎಂದು ಅಕ್ಕನೇ ಹೇಳಿದಳು. ಅವಳ ಮಗಳು ಮಾತ್ರ ಗಟ್ಟಿಯಾಗಿ ನಿಂತಳು. ಮಕ್ಕಳ ವೈದ್ಯರ ಬಳಿ ಹೋಗಿ ರಕ್ತದಲ್ಲಿ ಸೀಸದ ಪ್ರಮಾಣ ನೋಡಬೇಕೆಂದು ಕೇಳಿ ಬರೆಸಿಕೊಂಡಳು. ವರದಿ ಬರುವವರೆಗಿನ ನಾಲ್ಕು ದಿನ ಅಕ್ಕ ಸರಿಯಾಗಿ ಊಟ ಮಾಡಲಿಲ್ಲ. ಸೀಸ ಇತ್ತು. ಗಾಬರಿಪಡುವಷ್ಟಲ್ಲ, ಸುಮ್ಮನಿರುವಷ್ಟೂ ಅಲ್ಲ. ಗುಳಿಗೆ ಬೇಡ, ಮೊದಲು ಆ ಮಣ್ಣಿನಿಂದ ಮಗುವನ್ನು ದೂರವಿಡಿ, ಕಬ್ಬಿಣಾಂಶದ ಔಷಧ ಕೊಡಿ, ಕೆಲವು ತಿಂಗಳ ಮೇಲೆ ಮತ್ತೆ ನೋಡೋಣ ಎಂದರು ವೈದ್ಯರು.

ಮನೆಯ ಮಾಲೀಕರಿಗೆ ತಿಳಿಸಿ, ಆ ಮೂಲೆಗೆ ದಪ್ಪ ಪ್ಲಾಸ್ಟಿಕ್ ಹಾಸಿ, ಮೇಲೆ ಬೇರೆ ಕಡೆಯ ಮಣ್ಣು ಹಾಕಿಸಿ, ಕಲ್ಲು ಚಪ್ಪಡಿ ಹಾಸಲಾಯಿತು. ಮಳೆ ನೀರು ಅದರ ಮೇಲೆ ಹರಿಯದಂತೆ ಸಣ್ಣ ಕಟ್ಟೆ ಕಟ್ಟಿಸಿದರು. ನೆಟ್ಟಿದ್ದ ಹರಿವೆಯನ್ನು ಕಿತ್ತು ಎಸೆಯುವಾಗ ಅವಳಿಗೆ ಬೇಸರವಾಯಿತು. ಈಗ ಬಸಳೆ, ಹರಿವೆಗಳು ಟಾರಸಿಯ ಮೇಲೆ ಚೀಲಗಳಲ್ಲಿ ಬೆಳೆಯುತ್ತಿವೆ. ಐದು ತಿಂಗಳ ನಂತರದ ವರದಿಯಲ್ಲಿ ಸೀಸ ಇಳಿದಿತ್ತು. ಇನ್ನೂ ಇಳಿಯಬೇಕು.

ಸಹೋದರಿಯರೇ, ಇದನ್ನು ಓದಿ ಮಕ್ಕಳನ್ನು ಮಣ್ಣಿಗೆ ಇಳಿಯಲೇ ಬಿಡದೆ ಕಟ್ಟಿಹಾಕಬೇಡಿ. ನೀರು ಸಿಗದಾಗ ತಯಮ್ಮುಮ್‌ಗೆ ಶುದ್ಧ ಮಣ್ಣನ್ನೇ ಮುಟ್ಟುವವರು ನಾವು. ಹೆಚ್ಚಿನ ಅಂಗಳಗಳ ಮಣ್ಣು ಶುದ್ಧವಾಗಿಯೇ ಇದೆ, ಅದು ಹಾಗೆಯೇ ಉಳಿಯುವುದು ನಮ್ಮ ಕೈಯಲ್ಲಿದೆ. ಮಾಡಬೇಕಾದದ್ದು ಇಷ್ಟೇ: ನಿಮ್ಮ ಮಗು ಕೂರುವ ಜಾಗದಲ್ಲಿ ಹಿಂದೆ ಏನು ನಡೆದಿತ್ತು ಎಂದು ಈ ವಾರವೇ ಪಕ್ಕದ ಮನೆಯ ಹಿರಿಯರಲ್ಲಿ ಕೇಳಿ. ಮಗು ಮತ್ತೆ ಮತ್ತೆ ಮಣ್ಣು ತಿನ್ನುತ್ತಿದ್ದರೆ ಹುಳದ ಮದ್ದಿನೊಂದಿಗೆ ರಕ್ತದ ಪರೀಕ್ಷೆಯನ್ನೂ ವೈದ್ಯರಲ್ಲಿ ವಿಚಾರಿಸಿ. ಝಂಫಾರಾದ ತಾಯಂದಿರಿಗೆ ಇದನ್ನು ಮೊದಲೇ ಹೇಳುವವರು ಯಾರೂ ಇರಲಿಲ್ಲ.